ಹಳೆಯ ಕಾರು, ಹದವಾದ ತಿದ್ದುಪಡಿ

ಕಾರನ್ನು ತನಗೊಪ್ಪುವಂತೆ ಮಾರ್ಪಡಿಸುವ ಹವ್ಯಾಸದ ಚರಿತ್ರೆ ಬರೆಯುವವರೆಲ್ಲ ಕ್ಯಾಲಿಫೋರ್ನಿಯಾದಿಂದಲೇ ಶುರುಮಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಎರಡನೆಯ ಮಹಾಯುದ್ಧದ ಹಿಂದುಮುಂದಿನ ವರ್ಷಗಳಲ್ಲಿ ಅಲ್ಲಿನ ತರುಣರು ಹಳೆಯ ಫೋರ್ಡ್, ಷೆವ್ರೊಲೆ, ಮರ್ಕ್ಯುರಿಗಳನ್ನು ಕೊಂಡು ಅವುಗಳ ಮೈ ತಿದ್ದತೊಡಗಿದರು. ಜಾರ್ಜ್ ಮತ್ತು ಸ್ಯಾಮ್ ಬ್ಯಾರಿಸ್ ಸೋದರರು ಅದನ್ನೇ ಕಸುಬಾಗಿಸಿಕೊಂಡು ಹೆಸರಾದರು. ಆ ಕೆಲಸದಲ್ಲಿ ಎರಡು ದಾರಿಗಳಿದ್ದವು. ಚಾವಣಿಯ ಕಂಬಗಳನ್ನು ಕತ್ತರಿಸಿ ಇಡೀ ಕಾರನ್ನೇ ಗಿಡ್ಡ ಮಾಡುವುದು ಒಂದು. ಚಾವಣಿ ಮುಟ್ಟದೆ, ಬಾನೆಟ್ ಮತ್ತು ಡಿಕ್ಕಿಯ ಮೇಲಿನ ಬ್ಯಾಡ್ಜು, ಕ್ರೋಮ್ ಪಟ್ಟಿಗಳನ್ನು ತೆಗೆದು ತೂತು ಮುಚ್ಚಿ, ಎತ್ತರವನ್ನು ಒಂದೆರಡು ಇಂಚು ಇಳಿಸಿ, ಒಂದೇ ಬಣ್ಣ ಹೊಡೆದು, ಸೀಟು ಹೊಲಿಸಿ ಅಲ್ಲಿಗೆ ಕೈಬಿಡುವುದು ಇನ್ನೊಂದು; ಇದನ್ನು ಮೈಲ್ಡ್ ಕಸ್ಟಮ್ ಎನ್ನುತ್ತಾರೆ. ಮೊದಲನೆಯದಕ್ಕೆ ಪಳಗಿದ ವರ್ಕ್‌ಶಾಪ್ ಬೇಕು. ಎರಡನೆಯದು ಮನೆಯ ಶೆಡ್ಡಿನಲ್ಲೇ ಆಗುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಹಳೆಯ ಅಂಬಾಸಿಡರನ್ನೋ ಪದ್ಮಿನಿಯನ್ನೋ ಇಟ್ಟುಕೊಂಡವರಿಗೆ ಈ ಎರಡನೆಯ ದಾರಿಯನ್ನು ಕೈಲಾಗದವರ ಆಯ್ಕೆ ಎಂದು ಹೇಳುವವರಿದ್ದಾರೆ. ನಮ್ಮ ವಾಹನ ಚರಿತ್ರೆ, ಕಸುಬುದಾರರ ಕೈ, ಕಾನೂನು ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ನಮಗೆ ಸಲ್ಲುವ ದಾರಿ ಅದೊಂದೇ ಎಂಬುದು ನನ್ನ ವಾದ.

ವಾಹನದ ಮೈಯನ್ನು ಇಲ್ಲೇ ಕಟ್ಟುವುದು ನಮಗೆ ಹೊಸ ವಿದ್ಯೆಯಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹೊರದೇಶದ ಎಷ್ಟೋ ವಾಹನಗಳು ಬರೀ ಚಾಸಿಯಾಗಿ ಹಡಗಿಳಿಯುತ್ತಿದ್ದವು. ಮೈ ಕಟ್ಟುವವರು ಇಲ್ಲಿಯ ಬಡಗಿಗಳು, ಕಮ್ಮಾರರು. ಯುದ್ಧಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಹಾಗೆ ಮೈ ಕಟ್ಟಿದ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಗ್ಯಾಸ್ ಪೀಪಾಯಿ ಏರಿತು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರಲ್ಲಿ ನಿಗಮದ ರೂಪ ತಳೆದ ಸಾರಿಗೆ ಸಂಸ್ಥೆ ಮುಂದೆ ತನ್ನದೇ ಕಾರ್ಯಾಗಾರಗಳಲ್ಲಿ ಬಸ್ಸಿನ ಮೈ ಕಟ್ಟುತ್ತ ಬಂತು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮಾನ ಕಾರ್ಖಾನೆ ಯುದ್ಧ ಮುಗಿದ ಮೇಲೆ ರೈಲು ಬೋಗಿಗಳನ್ನೂ ತಯಾರಿಸಿತು. ಹೀಗೆ ತಗಡು ಬಡಿದು, ಬಾಗಿಸಿ, ರಿವೆಟ್ ಹೊಡೆದು ಆಕಾರ ಕೊಡುವ ಒಂದು ದೊಡ್ಡ ವರ್ಗ ಈ ಸೀಮೆಯಲ್ಲಿ ಬೆಳೆಯಿತು. ಇಂದಿಗೂ ನಾವು ಟಿಂಕರಿಂಗ್ ಎನ್ನುವ ಕೆಲಸದ ಬೇರು ಅಲ್ಲಿದೆ. ಅಪಘಾತದಲ್ಲಿ ನುಜ್ಜಾದ ಮಡ್‌ಗಾರ್ಡನ್ನು ಸುತ್ತಿಗೆ, ಡಾಲಿ ಹಿಡಿದು ಮೊದಲಿನ ವಂಕಿಗೆ ತರಬಲ್ಲವನಿಗೆ ಅಮೆರಿಕದ ಮೈಲ್ಡ್ ಕಸ್ಟಮ್ ಕೇಳುವ ಕೌಶಲದ ಬಹುಪಾಲು ಆಗಲೇ ಗೊತ್ತಿದೆ.

ಇದರ ಮೇಲೆ ಲೈಸೆನ್ಸ್ ರಾಜ್ಯದ ಮೂರು ದಶಕಗಳು ಬಂದವು. 1953ರ ಸುಂಕ ಆಯೋಗದ ವರದಿಯ ನಂತರ, ಇಲ್ಲೇ ತಯಾರಿಸುವ ಯೋಜನೆಯಿಲ್ಲದ ಜನರಲ್ ಮೋಟರ್ಸ್, ಫೋರ್ಡ್ ಕಂಪನಿಗಳು ದೇಶ ಬಿಟ್ಟವು. ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಅಚ್ಚಿನಿಂದ ಬಂದ ಅಂಬಾಸಿಡರ್, ಮುಂದೆ ಪದ್ಮಿನಿ ಎನಿಸಿದ ಮುಂಬಯಿಯ ಫಿಯಟ್ 1100, 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇಷ್ಟೇ ಬಹುಕಾಲ ಜನರ ಮುಂದಿದ್ದ ಆಯ್ಕೆ. ಹೊಸ ಕಾರಿಗೆ ವರ್ಷಗಟ್ಟಲೆ ಸರದಿ ಕಾಯಬೇಕಿದ್ದಾಗ ಇದ್ದ ಕಾರು ಮಕ್ಕಳ ಕಾಲದವರೆಗೂ ಓಡಲೇಬೇಕು. ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಕೂರಿಸಿದ್ದು, ಒಂದರ ಡೈನಮೊ ಇನ್ನೊಂದಕ್ಕೆ ಹೊಂದಿಸಿದ್ದು, ಶಿವಾಜಿನಗರದ ಗುಜರಿಯಲ್ಲೂ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೂ ಸಿಕ್ಕಿದ್ದನ್ನು ತಿದ್ದಿ ತೀಡಿ ಸೇರಿಸಿದ್ದು, ಎಲ್ಲ ಈ ಅಭಾವದ ಫಲ. ಇಲ್ಲಿ ಗಮನಿಸಬೇಕಾದದ್ದು ಬೇರೆಯೇ ಇದೆ. ಅಂಬಾಸಿಡರಿನ ಮೈ 1950ರ ದಶಕದ ಕೊನೆಯಿಂದ 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಮೂಲದಲ್ಲಿ ಬದಲಾಗಲಿಲ್ಲ. ಅದನ್ನು ಟೀಕಿಸಿ ಬರೆದ ಲೇಖನಗಳಿಗೆ ಲೆಕ್ಕವಿಲ್ಲ. ಆದರೆ ಆ ಜಡತೆಯಿಂದಲೇ ಮಾರ್ಕ್ 2ರ ಚೌಕುಳಿ ಗ್ರಿಲ್ಲನ್ನು ಎಷ್ಟೋ ವರ್ಷ ಆಮೇಲಿನ ಕಾರಿಗೆ ಅಲ್ಪಸ್ವಲ್ಪ ತಿದ್ದುಪಡಿಯಲ್ಲೇ ಕೂರಿಸಲು ಸಾಧ್ಯವಾಯಿತು. ತನ್ನದೇ ವಂಶದ ಹಳೆಯ ಭಾಗವನ್ನು ಹುಡುಕಿ ಹಾಕುವುದು ಸಾಂಪ್ರದಾಯಿಕ ಕಸ್ಟಮ್ಮಿನ ಜೀವಾಳ. ಅದಕ್ಕೆ ಬೇಕಾದ ಕಚ್ಚಾಸಾಮಗ್ರಿಯನ್ನು ನಮ್ಮ ಬಡ ಕಾರುಪೇಟೆ ತಿಳಿಯದೆಯೇ ಕೂಡಿಟ್ಟಿತು.

ರೇಸಿನವರ ಕೊಡುಗೆಯನ್ನು ಬಿಡುವಂತಿಲ್ಲ, ಹೆಚ್ಚು ಹೇಳಬೇಕಾದದ್ದೂ ಇಲ್ಲ. ಮದರಾಸಿನ ಷೋಲಾವರಂ ಓಟಗಳಿಗೆ ಬೆಂಗಳೂರಿನಿಂದ ಹೋಗುತ್ತಿದ್ದ ಹೆರಾಲ್ಡ್, ಫಿಯಟ್‌ಗಳನ್ನು ತಯಾರು ಮಾಡುತ್ತಿದ್ದವರು ಇಲ್ಲಿಯ ಗ್ಯಾರೇಜಿನವರೇ. ಬೆಂಗಳೂರಿನ ಸಿಪಾನಿ ಕಂಪನಿ 1982ರ ಹೊತ್ತಿಗೆ ಬ್ರಿಟನ್ನಿನ ರಿಲಯಂಟ್ ಕಿಟನ್ ಆಧರಿಸಿ ಫೈಬರ್ ಮೈಯ ಡಾಲ್ಫಿನ್ ತಂದಾಗ ಅದೂ ರ‍್ಯಾಲಿ, ರೇಸುಗಳಿಗೆ ಇಳಿಯಿತು. ಇವರ ಗಮನವೆಲ್ಲ ಎಂಜಿನ್ನಿನ ಮೇಲೆ. ಮೈಯ ಚೆಲುವು ಅವರಿಗೆ ಲೆಕ್ಕಕ್ಕಿರಲಿಲ್ಲ.

ಹಳಿ ತಪ್ಪಿದ್ದು ಸಮೃದ್ಧಿ ಬಂದ ಮೇಲೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಹಿಂದೆಯೇ ಅಂಗಡಿಯಲ್ಲಿ ಕೊಂಡು ಸಂಜೆಯೊಳಗೆ ಹಾಕಿಸಿಕೊಳ್ಳುವ ಸಾಮಾನುಗಳ ಪೇಟೆ ಬೆಳೆಯಿತು. ಕಪ್ಪು ಸನ್ ಫಿಲ್ಮ್, ಅಲಾಯ್ ವೀಲ್, ಹಿಂದೆ ರೆಕ್ಕೆಯಂಥ ಸ್ಪಾಯ್ಲರ್, ಮುಂದೆ ದಪ್ಪ ಪೈಪಿನ ಬುಲ್ ಬಾರ್, ಕಿವಿ ಕಿತ್ತುಹೋಗುವಂಥ ಸೈಲೆನ್ಸರ್. ಮಾರ್ಪಾಡು ಎಂದರೆ ಖರೀದಿ ಎಂದಾಯಿತು. ಟಿಂಕರನ ಕೈ ಬರೀ ಅಪಘಾತ ರಿಪೇರಿಗೆ ಉಳಿಯಿತು. ಆ ಪೇಟೆಯ ಗತಿ ನೋಡಿ: ಕಿಟಕಿಯ ಕಪ್ಪು ಫಿಲ್ಮನ್ನು ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರ ತೀರ್ಪಿನಲ್ಲಿ ನಿಷೇಧಿಸಿತು. ಬುಲ್ ಬಾರುಗಳ ಮೇಲೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಕ್ರಮಕ್ಕೆ ಸೂಚಿಸಿತು. ಸೈಲೆನ್ಸರುಗಳ ಮೇಲೆ ಪೊಲೀಸರ ಕಾರ್ಯಾಚರಣೆ ಆಗಾಗ ನಡೆಯುತ್ತಲೇ ಇದೆ. ಇವುಗಳಲ್ಲಿ ಒಂದನ್ನು ಕಳೆದುಕೊಂಡದ್ದಕ್ಕೂ ಮರುಗಬೇಕಾಗಿಲ್ಲ.

ಕಾನೂನಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು; ಈ ಕ್ಷೇತ್ರದ ಮಿತಿ ಗೆರೆ ಎಳೆದದ್ದು ಅದೇ. 1939ರ ಮೋಟಾರು ವಾಹನ ಕಾಯ್ದೆಯಲ್ಲಿ, ನೋಂದಣಿ ಪತ್ರದ ವಿವರ ಬದಲಾಗುವಂಥ ಮಾರ್ಪಾಡು ಮಾಡಿದ ಮಾಲೀಕ ಅದನ್ನು ನೋಂದಣಿ ಅಧಿಕಾರಿಗೆ ವರದಿ ಮಾಡಬೇಕಿತ್ತು. 1988ರ ಕಾಯ್ದೆಯ 52ನೆಯ ಕಲಮು ಮೊದಲೇ ಅನುಮತಿ ಬೇಕೆಂದಿತು. 2000ದ ತಿದ್ದುಪಡಿ ಆ ಬಾಗಿಲನ್ನೂ ಬಹುಮಟ್ಟಿಗೆ ಮುಚ್ಚಿ, ತಯಾರಕರು ಮೂಲತಃ ನಮೂದಿಸಿದ ವಿವರಕ್ಕಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದು ಎಂದಿತು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ 6 ತಿಂಗಳವರೆಗೆ ಸೆರೆವಾಸ, ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುವ ಅವಕಾಶ ಕೊಟ್ಟಿತು. ಹೀಗೆ ಎಂಬತ್ತು ವರ್ಷಗಳಲ್ಲಿ ‘ಮಾಡಿ ತಿಳಿಸು’ ಎನ್ನುತ್ತಿದ್ದ ಕಾನೂನು ‘ಕೇಳಿ ಮಾಡು’ ಎಂದು, ಆಮೇಲೆ ‘ಮಾಡಲೇಬೇಡ’ ಎಂದು ಬಿಗಿಯಾಯಿತು. ಆದರೆ ನೋಂದಣಿ ಪತ್ರದಲ್ಲಿ ಏನೇನು ಇರುತ್ತದೆ? ಚಾಸಿ ಮತ್ತು ಎಂಜಿನ್ ಸಂಖ್ಯೆ, ಮೈಯ ಬಗೆ, ಸೀಟುಗಳ ಸಂಖ್ಯೆ, ವೀಲ್‌ಬೇಸ್, ತೂಕ, ಇಂಧನ, ಬಣ್ಣ. ಚಾವಣಿ ಕೊಯ್ದು ಸೆಡಾನನ್ನು ತೆರೆದ ಕಾರಾಗಿಸಿದರೆ, ಬೇರೆ ಜಾತಿಯ ಎಂಜಿನ್ ಕೂರಿಸಿದರೆ ಈ ಪಟ್ಟಿ ಸುಳ್ಳಾಗುತ್ತದೆ. ಡಿಕ್ಕಿಯ ಬ್ಯಾಡ್ಜಿನ ತೂತು ಮುಚ್ಚಿದರೆ, ಸೀಟಿಗೆ ಹೊಸ ರೆಕ್ಸಿನ್ ಹೊಲಿಸಿದರೆ ಆಗುವುದಿಲ್ಲ. ಬಣ್ಣ ಬದಲಿಸುವವರು ಮಾತ್ರ ದೇವನಹಳ್ಳಿಯ ಕೆಎ-43 ಕಚೇರಿಗೋ ನೆಲಮಂಗಲದ ಕೆಎ-52 ಕಚೇರಿಗೋ ಹೋಗಿ ಪತ್ರದಲ್ಲಿ ಬರೆಸಿಕೊಂಡು ಬರಬೇಕು. ಎತ್ತರ ಇಳಿಸುವುದು ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ಪೂರ್ತಿ ನಿರಾತಂಕವೂ ಅಲ್ಲ. 15 ವರ್ಷ ದಾಟಿದ ಕಾರು ಪ್ರತಿ 5 ವರ್ಷಕ್ಕೊಮ್ಮೆ ತಪಾಸಣೆಗೆ ನಿಂತಾಗ ಇನ್‌ಸ್ಪೆಕ್ಟರ್ ಕಣ್ಣಿಗೆ ಅದು ಸುರಕ್ಷಿತವಾಗಿ ಕಾಣಬೇಕು.

ಹಾಗಾದರೆ ಕೆಲಸ ಹೇಗಿರಬೇಕು ಎಂಬುದನ್ನು ಕಾರಿನ ರಚನೆಯೇ ಹೇಳುತ್ತದೆ. ಅಂಬಾಸಿಡರಿಗೂ ಪದ್ಮಿನಿಗೂ ಬೇರೆ ಚಾಸಿಯಿಲ್ಲ; ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆ, ಕಂಬಗಳು, ಚಾವಣಿ ಎಲ್ಲ ಸೇರಿ ಭಾರ ಹೊರುತ್ತವೆ. ಅಲ್ಲಿ ಕೊಯ್ದರೆ ಕಾರು ನಡುವೆ ಜಗ್ಗುತ್ತದೆ. ಆದ್ದರಿಂದ ಮೊದಲ ಹಣ ಹೋಗಬೇಕಾದದ್ದು ಬಾಗಿಲ ಕೆಳಗಿನ ತುಕ್ಕಿಗೆ. ಎತ್ತರ ಇಳಿಸಲು ಅಂಬಾಸಿಡರಿನ ಮುಂಭಾಗದಲ್ಲಿ ಟಾರ್ಷನ್ ಬಾರ್ ಇದೆ. ಅದರ ಹಿಂತುದಿಯ ಹೊಂದಾಣಿಕೆ ಬದಲಿಸಿದರೆ ಸಾಕು, ಏನನ್ನೂ ಕತ್ತರಿಸಬೇಕಾಗಿಲ್ಲ. ಪದ್ಮಿನಿಯ ಮುಂದೆ ಇರುವುದು ಸುರುಳಿ ಸ್ಪ್ರಿಂಗ್. ಅದನ್ನು ಗ್ಯಾಸ್ ಜ್ವಾಲೆಗೆ ಹಿಡಿದು ಕುಗ್ಗಿಸುವ ಚಾಳಿ ಕೆಲವು ಗ್ಯಾರೇಜುಗಳಲ್ಲಿದೆ. ಕಾಯಿಸಿದ ಉಕ್ಕಿನ ಹದ ಹೋಗಿ ಸ್ಪ್ರಿಂಗ್ ತುಂಡಾಗಬಹುದು. ಗಿಡ್ಡ ಸ್ಪ್ರಿಂಗನ್ನೇ ಮಾಡಿಸುವುದು ಲೇಸು. ಎರಡರಲ್ಲೂ ಹಿಂದೆ ಸ್ಪ್ರಿಂಗ್ ಪಟ್ಟಿಗಳಿರುವುದರಿಂದ ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಬ್ಲಾಕ್ ಇಟ್ಟು ಉದ್ದ ಯು-ಬೋಲ್ಟ್ ಹಾಕಿದರೆ ಆಯಿತು. ಊರೂರಿಗೂ ಇರುವ ರಸ್ತೆ ಉಬ್ಬುಗಳನ್ನು ನೆನೆದರೆ ಎರಡು ಇಂಚಿನ ಮೇಲೆ ಆಸೆಪಡುವುದು ಮೂರ್ಖತನ. ಬ್ರೇಕ್ ಹೋಸ್ ಎಳೆಯುತ್ತಿದೆಯೇ, ಟೈರು ಉಜ್ಜುತ್ತಿದೆಯೇ, ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತಿದೆ ಎಂಬುದನ್ನು ಆಮೇಲೆ ನೋಡಲೇಬೇಕು. ಬ್ಯಾಡ್ಜಿನ ತೂತುಗಳಿಗೆ ಹಳೆಯ ಅಮೆರಿಕನ್ನರು ಸೀಸ ಕರಗಿಸಿ ಹಚ್ಚುತ್ತಿದ್ದರು. ಅದರ ಹೊಗೆ ವಿಷ. ತೂತಿನಷ್ಟೇ ತಗಡಿನ ಬಿಲ್ಲೆಯನ್ನು ಚುಕ್ಕಿ ಚುಕ್ಕಿಯಾಗಿ, ಆರಿಸಿಕೊಳ್ಳುತ್ತ ಬೆಸೆದು, ಅರ ಹಾಕಿ, ಕಾಗದದಷ್ಟು ತೆಳುವಾಗಿ ಪುಟ್ಟಿ ಎಳೆಯುವ ನಮ್ಮ ಟಿಂಕರರ ಪದ್ಧತಿಯೇ ಮೇಲು. ಬಣ್ಣದಲ್ಲಿ ಎನ್‌ಸಿ ಪೇಂಟ್ ಮನೆಯವರಿಗೆ ಅನುಕೂಲ: ಬೇಗ ಒಣಗುತ್ತದೆ, ನೀರು ಕಾಗದದಲ್ಲಿ ಉಜ್ಜಿ ತಪ್ಪು ತಿದ್ದಬಹುದು. ಮಳೆಗಾಲದ ತೇವದಲ್ಲಿ ಅದು ಬಿಳಿಚಿಕೊಳ್ಳುತ್ತದೆ, ಅಷ್ಟೆ. ಗಟ್ಟಿಕಾರಕ ಬೆರೆಸುವ ಪಾಲಿಯುರೆಥೇನ್ ಬಣ್ಣದ ಹನಿ ಶ್ವಾಸಕೋಶಕ್ಕೆ ಅಪಾಯ. ಅದನ್ನು ಪೇಂಟ್ ಬೂತಿಗೇ ಬಿಡಬೇಕು. ಬಾಗಿಲ ಹಿಡಿಗಳನ್ನೂ ತೆಗೆದು ಮೈ ನುಣುಪಾಗಿಸುವ ಅಮೆರಿಕದ ಷೋಕಿ ನಮಗೆ ಬೇಡ. ಅಪಘಾತವಾದಾಗ ಹೊರಗಿನವರು ಬಾಗಿಲು ತೆಗೆಯುವುದು ಹೇಗೆ?

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ಹಗುರ, ಒಂದು ಭಾರ. ಅಮೆರಿಕದ ಅನುಕರಣೆ ನಮಗೇಕೆ ಎಂಬುದು ಹಗುರದ್ದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುವ ರೈತ ಕೊಂಬು ಹೆರೆದು, ಬಣ್ಣ ಹಚ್ಚಿ, ಕಳಸ ತೊಡಿಸುತ್ತಾನೆ. ಎತ್ತಿನ ಮೈಕಟ್ಟಿಗೆ ಕೈಹಾಕುವುದಿಲ್ಲ. ಆ ವಿವೇಕ ಯಾವ ದೇಶದಿಂದಲೂ ಬರಬೇಕಾಗಿಲ್ಲ. ಮೂಲರೂಪವನ್ನು ಹಾಳುಮಾಡುವುದು ಚರಿತ್ರೆಗೆ ಬಗೆವ ದ್ರೋಹ ಎಂಬುದು ಭಾರವಾದ ಆಕ್ಷೇಪ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಶ್ರೀರಂಗಪಟ್ಟಣದ ಬಳಿ ಮಾಡಿರುವ ‘ಪಯಣ’ ಸಂಗ್ರಹಾಲಯವನ್ನು ನೋಡಿದವರಿಗೆ, ಕಾರುಗಳು ಹುಟ್ಟಿದ ರೂಪದಲ್ಲೇ ಉಳಿಯುವುದಕ್ಕೆ ಎಂಥ ಬೆಲೆಯಿದೆ ಎಂಬುದು ತಿಳಿಯುತ್ತದೆ. ಅಪರೂಪದ, ಪೂರ್ಣವಾಗಿ ಉಳಿದ ಕಾರನ್ನು ಮುಟ್ಟಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ನಮ್ಮ ತಾಲ್ಲೂಕುಗಳ ಶೆಡ್ಡುಗಳಲ್ಲಿ ನಿಂತಿರುವ ಬಹುತೇಕ ಕಾರುಗಳು ಆ ಜಾತಿಯವಲ್ಲ. ಅವುಗಳ ಎಂಜಿನ್ ಆಗಲೇ ಬದಲಾಗಿದೆ, ಮಡ್‌ಗಾರ್ಡಿನಲ್ಲಿ ಅರ್ಧ ಪುಟ್ಟಿಯಿದೆ, ಬಂಪರು ಬೇರೆ ಯಾವುದರದ್ದೋ. 2022ರ ಏಪ್ರಿಲಿನಿಂದ ಅಂಥ ಕಾರಿನ ನೋಂದಣಿ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದಾಗ ಗುಜರಿಗೆ ಹಾಕುವುದೇ ಸುಲಭ ಎನಿಸುವುದು ಸಹಜ. ಒಂದು ಹದದ ತಿದ್ದುಪಡಿ ಮಾಲೀಕನಿಗೆ ಆ ಕಾರಿನ ಮೇಲೆ ಮತ್ತೆ ಆಸೆ ಹುಟ್ಟಿಸಿದರೆ ಅಷ್ಟರಮಟ್ಟಿಗೆ ಅದೂ ಸಂರಕ್ಷಣೆಯೇ.

ಇಲ್ಲಿ ಇನ್ನೊಂದು ಲೆಕ್ಕವಿದೆ. 2021ರ ಜುಲೈ 15ರ ವಿಂಟೇಜ್ ವಾಹನ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ವಾಹನವನ್ನು 20,000 ರೂಪಾಯಿ ಕಟ್ಟಿ 10 ವರ್ಷದ ಅವಧಿಗೆ ‘ವಿಎ’ ಅಕ್ಷರಗಳ ಫಲಕದಡಿ ನೋಂದಾಯಿಸಬಹುದು. ದಿನನಿತ್ಯ ಓಡಿಸುವಂತಿಲ್ಲ. ಚಾಸಿ, ಮೈ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಕೂಡದು ಎಂಬುದೂ ಷರತ್ತು. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಆ ಹೆಸರಿನ ಮೊದಲ ಕಾರುಗಳು 2024ರಿಂದಲೇ ಈ ಮಿತಿ ದಾಟುತ್ತಿವೆ, 1980ರ ದಶಕದವು ಮುಂದಿನ ದಶಕದಲ್ಲಿ ದಾಟುತ್ತವೆ. ಬೋಲ್ಟು ಬಿಚ್ಚಿದರೆ ಹಿಂದಕ್ಕೆ ಬರುವ ಕೆಲಸ ಮಾಡಿ, ತೆಗೆದ ಗ್ರಿಲ್ಲು, ಬ್ಯಾಡ್ಜು, ಸ್ಪ್ರಿಂಗುಗಳನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿಟ್ಟವರಿಗೆ ಆ ಫಲಕಕ್ಕೆ ಅರ್ಜಿ ಹಾಕುವ ದಾರಿ ತೆರೆದಿರುತ್ತದೆ. ಚಾವಣಿ ಕೊಯ್ದವರಿಗೆ ಇರುವುದಿಲ್ಲ.