ಮೆಚ್ಚಿನ ಮಣೆ, ಮೆಚ್ಚಿನ ಕಾಯಿ

ನಿಮಗೆ ಚೌಕಾಬಾರ ಮೆಚ್ಚೋ, ಹುಲಿ-ಕುರಿ ಆಟ ಮೆಚ್ಚೋ? ಮೊದಲನೆಯದರಲ್ಲಿ ಕವಡೆ ಬಿದ್ದಂತೆ ಕಾಯಿ ನಡೆಯಬೇಕು. ಎರಡನೆಯದರಲ್ಲಿ ಬುದ್ಧಿಯೇ ಬಲ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಚದುರಂಗದ ಕುದುರೆಯ ಮೇಲೆ ಮೋಹ. 1831ರಲ್ಲಿ ಬ್ರಿಟಿಷರು ಅವರ ಆಡಳಿತವನ್ನು ಕಸಿದುಕೊಂಡರು. ರಾಜ್ಯಭಾರ ಕೈತಪ್ಪಿದರೂ ಅರಸರ ಕುತೂಹಲ ಕುಂದಲಿಲ್ಲ. 64 ಮನೆಗಳಲ್ಲೂ ಒಂದೊಂದೇ ಸಲ ಕಾಲಿಡುವಂತೆ ಕುದುರೆಯನ್ನು ನಡೆಸುವ ದಾರಿಗಳನ್ನು ಅವರು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ‘ಕೌತುಕನಿಧಿ’ಯಲ್ಲಿ ಹಲವು ಆಟಗಳ ವಿವರವಿದೆ. 1868ರಲ್ಲಿ ಅರಸರು ತೀರಿಕೊಂಡರು. ಬರೆದಿಟ್ಟದ್ದರಿಂದ ಆಟಗಳು ಉಳಿದವು.

ಶಹಾಪುರದಂಥ ಊರುಗಳಲ್ಲಿ ಆಟದ ನಿಯಮ ಅಜ್ಜಿಯಿಂದ ಮೊಮ್ಮಕ್ಕಳಿಗೆ ಬಾಯಿಂದ ಬಾಯಿಗೆ ಬಂದದ್ದು. ಅಜ್ಜಿ ಮರೆತರೆ ಆಟವೂ ಹೋದಂತೆ. ಇಂದೇ ಕೇಳಿರಿ, ಮಣೆಯ ಚಿತ್ರ ಬರೆದು ನಿಯಮಗಳನ್ನು ಗುರುತು ಹಾಕಿಕೊಳ್ಳಿರಿ.