ಗಣಿತಸಾರಸಂಗ್ರಹ ಹೇಳದೆ ಬಿಟ್ಟ ಕೂಡುವ–ಕಳೆಯುವ ಲೆಕ್ಕ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ (ಕ್ರಿ.ಶ. ೮೧೪–೮೭೮) ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಪರಿಕರ್ಮಗಳು ಎಂಟು. ಪ್ರತ್ಯುತ್ಪನ್ನವೆಂಬ ಗುಣಾಕಾರದಿಂದ ಅವು ಮೊದಲಾಗಿ ಭಾಗಹಾರ, ವರ್ಗ, ವರ್ಗಮೂಲ, ಘನ, ಘನಮೂಲಗಳನ್ನು ದಾಟಿ ಸಂಕಲಿತ, ವ್ಯುತ್ಕಲಿತಗಳಲ್ಲಿ ಮುಗಿಯುತ್ತವೆ. ಕೊನೆಯ ಎರಡು ಹೆಸರುಗಳನ್ನು ಕಂಡು, ಕೂಡುವ ಕಳೆಯುವ ಲೆಕ್ಕಗಳನ್ನು ಆಚಾರ್ಯರು ಕೊನೆಯಲ್ಲಿ ಹೇಳಿದ್ದಾರೆಂದು ಭಾವಿಸುವುದು ಸಹಜ. ಆದರೆ ಅದು ಸರಿಯಲ್ಲ. ಇಲ್ಲಿ ಸಂಕಲಿತವೆಂದರೆ ಶ್ರೇಢಿಯ ಪದಗಳ ಮೊತ್ತ. ವ್ಯುತ್ಕಲಿತವೆಂದರೆ ಶ್ರೇಢಿಯ ಮೊದಲ ಕೆಲವು ಪದಗಳನ್ನು ತೆಗೆದ ಮೇಲೆ ಉಳಿಯುವ ಪದಗಳ ಮೊತ್ತ. ಒಂದರಿಂದ ಹತ್ತರವರೆಗಿನ ಮೊತ್ತ ೫೫. ಮೊದಲ ನಾಲ್ಕು ಪದಗಳ ಮೊತ್ತವಾದ ೧೦ನ್ನು ತೆಗೆದರೆ ಉಳಿಯುವ ೪೫ ಅದರ ವ್ಯುತ್ಕಲಿತ. ಏಳಕ್ಕೆ ಎಂಟನ್ನು ಕೂಡುವ ಬಗೆಯಾಗಲಿ, ಹದಿನೈದರಿಂದ ಎಂಟನ್ನು ಕಳೆಯುವ ಬಗೆಯಾಗಲಿ ಈ ಪರಿಕರ್ಮಗಳಲ್ಲಿ ಸೇರಿಲ್ಲ.

ಈ ಮೌನ ಮಹಾವೀರಾಚಾರ್ಯರೊಬ್ಬರದೇ ಅಲ್ಲ. ಕ್ರಿ.ಶ. ೪೯೯ರ ಆರ್ಯಭಟೀಯದ ಗಣಿತಪಾದವು ಸ್ಥಾನಗಳ ಹೆಸರುಗಳನ್ನು ಹೇಳಿ ನೇರವಾಗಿ ವರ್ಗಕ್ಕೆ ಹೋಗುತ್ತದೆ. ಶ್ರೀಧರನ ಪಾಟೀಗಣಿತದಲ್ಲಿ ಸಂಕಲಿತವು ಮೊದಲನೆಯದಾದರೂ ಅದು ಒಂದರಿಂದ ತೊಡಗುವ ಸಂಖ್ಯೆಗಳ ಮೊತ್ತವೇ. ಭಾಸ್ಕರಾಚಾರ್ಯನು ತನ್ನ ಲೀಲಾವತಿಯಲ್ಲಿ (ಕ್ರಿ.ಶ. ೧೧೫೦) ಎರಡು ಲೆಕ್ಕಗಳಿಗೂ ಸೇರಿ ಅರ್ಧ ಶ್ಲೋಕವನ್ನು ಕೊಡುತ್ತಾನೆ: ಅಂಕಗಳನ್ನು ಸ್ಥಾನಾನುಸಾರ ಕೂಡಬೇಕು ಇಲ್ಲವೆ ಕಳೆಯಬೇಕು ಎಂಬಷ್ಟೇ ವಿಧಿ. ಬಾಲೆಯೊಬ್ಬಳನ್ನು ಸಂಬೋಧಿಸಿ ಅವನು ಕೇಳುವ ಉದಾಹರಣೆ ಪ್ರಸಿದ್ಧವಾದುದು. ೨, ೫, ೩೨, ೧೯೩, ೧೮, ೧೦, ೧೦೦ ಇವುಗಳ ಮೊತ್ತ ೩೬೦. ಅದನ್ನು ೧೦,೦೦೦ದಿಂದ ಕಳೆದರೆ ಶೇಷ ೯,೬೪೦. ಈ ಬಾಲೆಗೂ ಎಂಟು ಮೂರು ಸೇರಿದರೆ ಎಷ್ಟೆಂಬುದನ್ನು ಗ್ರಂಥ ಹೇಳಿಕೊಡುವುದಿಲ್ಲ. ಅದು ಅವಳಿಗೆ ಆಗಲೇ ಬಂದಿರಬೇಕು.

ಇದನ್ನು ಉಪೇಕ್ಷೆಯೆಂದು ಕರೆಯುವುದು ಉಚಿತವಲ್ಲ. ಗಣಿತಸಾರಸಂಗ್ರಹದ ಸಂಜ್ಞಾಧಿಕಾರದಲ್ಲಿ ಶೂನ್ಯವನ್ನು ಕೂಡಿದರೂ ಕಳೆದರೂ ರಾಶಿಯು ಬದಲಾಗದೆಂಬುದನ್ನೂ, ಧನ–ಋಣ ರಾಶಿಗಳ ಯೋಗವಿಯೋಗಗಳ ನಿಯಮಗಳನ್ನೂ ಆಚಾರ್ಯರು ಹೇಳಿದ್ದಾರೆ. ಎಂದರೆ, ಎಲ್ಲಿ ವಿಧಿ ಅಗತ್ಯವೋ ಅಲ್ಲಿ ಅವರು ಮೌನವಾಗಿಲ್ಲ. ಏಳು ಎಂಟು ಹದಿನೈದು ಎಂಬುದು ಸೂತ್ರದಿಂದ ಸಾಧಿಸತಕ್ಕ ವಿಷಯವಲ್ಲ, ಧಾರಣೆಯಲ್ಲಿ ಇರತಕ್ಕ ವಿಷಯ. ಅದು ಬಾಲ್ಯದಲ್ಲಿ ಬಾಯಿಂದ ಬಾಯಿಗೆ ಬಂದುದರಿಂದಲೇ ಓಲೆಗೆ ಏರಲಿಲ್ಲ.

ಬಾಲಕನು ಧಾರಣೆ ಮಾಡಬೇಕಾದುದು ಎಷ್ಟು? ಒಂದರಿಂದ ಒಂಬತ್ತರವರೆಗಿನ ಅಂಕಗಳನ್ನು ಎರಡೆರಡಾಗಿ ಕೂಡಿದರೆ ೮೧ ಮೊತ್ತಗಳಾಗುತ್ತವೆ. ಮೂರು ಐದು, ಐದು ಮೂರು ಒಂದೇ ಎಂದು ಅರಿತವನಿಗೆ ಅವು ೪೫ಕ್ಕೆ ಇಳಿಯುತ್ತವೆ. ಹತ್ತನ್ನು ಮೀರುವವು ಇವುಗಳಲ್ಲಿ ೨೦ ಮಾತ್ರ. ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಈ ಇಪ್ಪತ್ತರಲ್ಲಿಯೂ ಆರು ಆರು, ಏಳು ಏಳು ಮುಂತಾದ ಸಮಾನ ಅಂಕಗಳ ನಾಲ್ಕು ಜೋಡಿಗಳು ಬೇಗನೆ ಮನಸ್ಸಿನಲ್ಲಿ ನಿಲ್ಲುತ್ತವೆ. ಉಳಿದವಕ್ಕೆ ಹತ್ತೇ ಆಸರೆ. ಎಂಟಕ್ಕೆ ಐದನ್ನು ಕೂಡುವಾಗ ಐದರಿಂದ ಎರಡನ್ನು ಎತ್ತಿ ಎಂಟನ್ನು ಹತ್ತು ಮಾಡಿದರೆ ಮೂರು ಉಳಿಯುತ್ತದೆ. ‘ಹದಿಮೂರು’ ಎಂಬ ಕನ್ನಡ ಹೆಸರೇ ಹತ್ತನ್ನೂ ಮೂರನ್ನೂ ಒಟ್ಟಿಗೆ ಹೇಳುತ್ತದೆ. ‘ಒಂಬತ್ತು’ ಎಂಬಲ್ಲಿ ಹತ್ತಕ್ಕೆ ಒಂದು ಕಡಮೆಯೆಂಬ ಅರ್ಥವನ್ನು ಭಾಷಾಶಾಸ್ತ್ರಜ್ಞರು ಕಾಣುತ್ತಾರೆ. ಆಗಮಗಳ ಪ್ರಾಕೃತದಲ್ಲಿ ಹತ್ತೊಂಬತ್ತಕ್ಕೆ ‘ಏಗೂಣವೀಸ’, ಇಪ್ಪತ್ತಕ್ಕೆ ಒಂದು ಊನ. ಕಳೆಯುವ ಲೆಕ್ಕವು ಸಂಖ್ಯೆಯ ಹೆಸರಿನೊಳಗೇ ಹೀಗೆ ಅಡಗಿದೆ. ಕೂಡುವುದನ್ನು ಬಲ್ಲವನಿಗೆ ಕಳೆಯುವುದು ಹೊಸ ಪಾಠವೂ ಅಲ್ಲ: ಎಂಟು ಐದು ಹದಿಮೂರಾದರೆ, ಹದಿಮೂರರಲ್ಲಿ ಎಂಟು ಹೋದರೆ ಐದು, ಐದು ಹೋದರೆ ಎಂಟು.

ಧಾರಣೆಗೆ ಇನ್ನೊಂದು ಕಾರಣವೂ ಇತ್ತು. ಅಂದಿನ ಲೆಕ್ಕ ನಡೆದದ್ದು ಹಲಗೆಯ ಮೇಲೆ ಹರಡಿದ ಧೂಳಿನಲ್ಲಿ. ‘ಧೂಳೀಕರ್ಮ’ ಎಂಬ ಹೆಸರು ಬಂದುದು ಅದರಿಂದಲೇ. ಗುಣಾಕಾರದ ನಡುನಡುವೆ ಹಳೆಯ ಅಂಕವನ್ನು ಅಳಿಸಿ ಅದೇ ಸ್ಥಳದಲ್ಲಿ ಹೊಸದನ್ನು ಬರೆಯಲಾಗುತ್ತಿತ್ತು. ಅಳಿಸಿಹೋದ ಅಂಕವನ್ನು ಮತ್ತೆ ನೋಡುವಂತಿಲ್ಲ. ಒಂದು ಕಡೆ ಏಳು ಎಂಟು ಹದಿನಾಲ್ಕು ಎಂದು ಕೂಡಿದರೆ ಆ ತಪ್ಪಿನ ಗುರುತೂ ಉಳಿಯದೆ ಫಲವೆಲ್ಲ ಕೆಡುತ್ತಿತ್ತು.

ಈ ಧಾರಣೆ ಯಾವ ವಯಸ್ಸಿನಲ್ಲಿ, ಯಾರಿಂದ ಆಗುತ್ತಿತ್ತೆಂಬುದಕ್ಕೆ ಅದೇ ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಸೂಚನೆಯಿದೆ. ಆದಿದೇವನು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕವನ್ನೂ ಉಪದೇಶಿಸಿದ ಪ್ರಸಂಗವು ಎಲ್ಲರಿಗೂ ಪರಿಚಿತ. ಅಷ್ಟು ಗಮನಕ್ಕೆ ಬಾರದಿರುವುದು ಗರ್ಭಾನ್ವಯಕ್ರಿಯೆಗಳಲ್ಲಿ ಬರುವ ಲಿಪಿಸಂಖ್ಯಾನಕ್ರಿಯೆ. ಐದನೆಯ ವರ್ಷದಲ್ಲಿ ಮಗುವಿಗೆ ಅಕ್ಷರವನ್ನೂ ಸಂಖ್ಯೆಯನ್ನೂ ತೋರಿಸಬೇಕು. ಓದುಬಲ್ಲ ಗೃಹವ್ರತಿಯೊಬ್ಬನನ್ನು ಉಪಾಧ್ಯಾಯನನ್ನಾಗಿ ನೇಮಿಸಬೇಕು. ಉಪನೀತಿಕ್ರಿಯೆ ಬರುವುದು ಎಂಟನೆಯ ವರ್ಷದಲ್ಲಿ. ನಡುವಣ ಮೂರು ವರ್ಷಗಳು ಮುನಿಗಳ ಸನ್ನಿಧಿಯಲ್ಲಿ ಶಾಸ್ತ್ರವನ್ನು ಕೇಳುವ ಕಾಲವಲ್ಲ, ಗೃಹಸ್ಥ ಉಪಾಧ್ಯಾಯನ ಮುಂದೆ ಅಕ್ಷರ ಸಂಖ್ಯೆಗಳನ್ನು ತಿದ್ದುವ ಕಾಲ. ಪುರಾಣವು ವಿಧಿಯನ್ನು ಹೇಳುತ್ತದೆಯೇ ಹೊರತು ಎಲ್ಲ ಮನೆಗಳ ಆಚರಣೆಯನ್ನಲ್ಲ. ಆದರೂ ಲಿಪಿಯೊಡನೆ ಸಂಖ್ಯಾನವನ್ನು ಒಂದೇ ಕ್ರಿಯೆಯಾಗಿ ಹೊಲಿದಿರುವುದು ಗಮನಾರ್ಹ. ಗಣಿತಸಾರಸಂಗ್ರಹವು ಕೈಹಿಡಿಯುವುದು ಈ ಮೂರು ವರ್ಷಗಳನ್ನು ದಾಟಿ ಬಂದವನನ್ನು.

ಮಹಾವೀರಾಚಾರ್ಯರು ಗಣಕನಿಗೆ ಹೇಳುವ ಎಂಟು ಗುಣಗಳಲ್ಲಿ ಇದರ ಸಮರ್ಥನೆ ಸಿಗುತ್ತದೆ. ಲಘುಕರಣ, ಊಹ, ಅಪೋಹ, ಅನಾಲಸ್ಯ, ಗ್ರಹಣ, ಧಾರಣ, ಉಪಾಯ, ಅಂಕಗಳನ್ನು ವ್ಯಕ್ತಪಡಿಸುವ ಶಕ್ತಿ. ಬಾಯಿಪಾಠವನ್ನು ಹಳಿಯುವವರೂ ಅದೊಂದೇ ಸಾಕೆನ್ನುವವರೂ ಈ ಪಟ್ಟಿಯನ್ನು ನೋಡಬೇಕು. ಧಾರಣವಿಲ್ಲದೆ ಲಘುಕರಣವಿಲ್ಲ, ಬೆರಳು ಮಡಿಸಿ ಎಣಿಸುವವನು ತ್ರೈರಾಶಿಕವನ್ನು ಬೇಗ ಮಾಡಲಾರ. ಆದರೆ ಗ್ರಹಣವು ಧಾರಣಕ್ಕಿಂತ ಮುಂಚೆ ಬಂದಿದೆ, ಊಹಾಪೋಹಗಳು ಅದಕ್ಕೂ ಮುಂಚೆ. ಈ ಕ್ರಮ ಛಂದಸ್ಸಿನ ಅನುಕೂಲಕ್ಕಾಗಿ ಬಂದದ್ದಿರಬಹುದು. ಹಾಗಿದ್ದರೂ ಬೋಧಕನಿಗೆ ಹಿತವಾದ ಕ್ರಮ.

ಬೋಧನೆಯ ನಿಜವಾದ ಬಗೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುವ ಬರಹವೊಂದು ಕರ್ಣಾಟಕದ ನೆಲದಿಂದಲೇ, ಆದರೆ ಬಹು ಕಾಲದ ಮೇಲೆ ಬಂದಿದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ ೧೮೨೨ರಲ್ಲಿ ಕೇಳಿದ ಶಾಲೆಗಳ ವಿವರಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ೧೮೨೩ರ ಆಗಸ್ಟ್ ೧೭ರಂದು ಬರೆದ ವರದಿ ಅದು. ಆ ಜಿಲ್ಲೆಯ ೫೩೩ ಶಾಲೆಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ಮಕ್ಕಳು ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರವನ್ನು ತಿದ್ದುತ್ತಿದ್ದರು. ಅನಂತರ ಹಲಗೆ, ಮಸಿ ಬಳಿದ ಬಟ್ಟೆಯ ಕಡತ, ಬಳಪ. ಅಕ್ಷರ ಮುಗಿದ ಮೇಲೆ ಅಂಕಗಳು ಬರುತ್ತಿದ್ದವು. ಬಾಲಕನು ಮೊದಲು ಕಂಠಪಾಠ ಮಾಡುತ್ತಿದ್ದುದು ಕೂಡುವ ಮಗ್ಗಿಯನ್ನು. ಒಂದರಿಂದ ನೂರರವರೆಗೆ ಎಣಿಸುವುದು ಅದರ ಜೊತೆಗೆ. ಬಳಿಕ ಹಣದ ಮೊತ್ತಗಳನ್ನು ಕೂಡಿ ಕಳೆಯುವ ಸುಲಭ ಲೆಕ್ಕಗಳು, ಆಮೇಲೆ ಗುಣಾಕಾರ. ಭಿನ್ನಗಳು ಹತ್ತು ಹತ್ತಾಗಿ ಅಲ್ಲ, ನಾಲ್ಕು ನಾಲ್ಕಾಗಿ ಇಳಿಯುತ್ತಿದ್ದವು; ಶಾಸನಗಳ ಹಾಗ, ವೀಸಗಳನ್ನು ಓದಿದವರಿಗೆ ಇದು ಹೊಸದಲ್ಲ. ಕೂಡುವ ಮಗ್ಗಿ, ಗುಣಿಸುವ ಮಗ್ಗಿ, ಭಿನ್ನ, ಅಳತೆ ತೂಕಗಳು ಗಟ್ಟಿಯಾಗಲೆಂದು ಮಕ್ಕಳು ದಿನಕ್ಕೆ ಎರಡು ಬಾರಿ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿಕೊಟ್ಟಂತೆ ಎಲ್ಲವನ್ನೂ ಹೇಳುತ್ತಿದ್ದರು. ಬಲ್ಲ ಹುಡುಗ ಅರಿಯದ ಹುಡುಗನಿಗೆ ಕಲಿಸುವ ಈ ಪದ್ಧತಿಯನ್ನು ಕ್ಯಾಂಬೆಲ್ ಮೆಚ್ಚಿದ್ದಾನೆ. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ತಕ್ಕುದೇ ಎಂದಿದ್ದಾನೆ. ಅವನು ದೋಷವೆಣಿಸಿದ್ದು ಮಕ್ಕಳಿಗೆ ಅರ್ಥವಾಗದ ಕಾವ್ಯಭಾಷೆಯ ಪುಸ್ತಕಗಳ ವಿಷಯದಲ್ಲಿ, ಲೆಕ್ಕದ ವಿಷಯದಲ್ಲಲ್ಲ. ಹತ್ತು ಲಕ್ಷಕ್ಕೆ ಸಮೀಪವಾದ ಜನಸಂಖ್ಯೆಯಲ್ಲಿ ಶಾಲೆಗೆ ಹೋಗುವವರು ೭,೦೦೦ವೂ ಇಲ್ಲ, ಹಿಂದೆ ದೊಡ್ಡ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಒಂದೂ ಇಲ್ಲ ಎಂಬ ಮಾತೂ ಅದೇ ವರದಿಯಲ್ಲಿದೆ. ಓಲೆಗೆ ಏರದ ವಿದ್ಯೆಗೆ ಶಾಲೆ ಮುಚ್ಚಿದ ದಿನವೇ ಕೊನೆ.

ಒಂಬತ್ತನೆಯ ಶತಮಾನದ ಗೃಹವ್ರತಿಯೂ ಹೀಗೆಯೇ ಕಲಿಸಿದನೆಂದು ಈ ಒಂದು ವರದಿಯಿಂದ ಸಾಧಿಸಲಾಗದು. ನಡುವೆ ಸಾವಿರ ವರ್ಷಗಳಿವೆ. ಆ ಅಂತರದಲ್ಲಿ ನೆರವಿಗೆ ಬರಬಹುದಾದವು ಹಸ್ತಪ್ರತಿಗಳೇ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದಾಗ ಬಳಸಿದ ಪ್ರತಿಗಳಲ್ಲಿ ಮೂಡಬಿದಿರೆಯ ಜೈನ ಭಂಡಾರದ ಕನ್ನಡ ಲಿಪಿಯ ಓಲೆಪ್ರತಿಯ ಪಾಠವೂ ಒಂದು. ಅದರಲ್ಲಿ ಮೂಲವು ಸಂಸ್ಕೃತ. ಆದರೆ ಸಮಸ್ಯೆಗಳನ್ನೂ ಅವುಗಳ ಉತ್ತರಗಳನ್ನೂ ಸಂಕ್ಷೇಪವಾಗಿ ಕನ್ನಡದಲ್ಲಿ ಕೊಟ್ಟಿದೆ. ಮೈಸೂರಿನ ಇನ್ನೊಂದು ಪ್ರತಿಯಲ್ಲಿ ವಲ್ಲಭನ ಕನ್ನಡ ಟೀಕೆಯಿದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಗಣಿತವನ್ನೇ ಕನ್ನಡದಲ್ಲಿ ಬರೆದನು. ಸೂತ್ರವನ್ನು ಸಂಸ್ಕೃತದಲ್ಲಿ ಓದಿದವನೂ ಲೆಕ್ಕವನ್ನು ಮನೆಮಾತಿನಲ್ಲಿ ಮಾಡುತ್ತಿದ್ದನೆಂಬುದಕ್ಕೆ ಇವು ಸಾಕ್ಷಿ.

ಬಸದಿಗಳ ಕಟ್ಟುಗಳಲ್ಲಿ ಶಾಸ್ತ್ರಗ್ರಂಥಗಳ ನಡುವೆ ಅಂಕಗಳನ್ನು ಮಾತ್ರ ಬರೆದ ಬಿಡಿ ಗರಿ ದೊರೆತಲ್ಲಿ ಅದನ್ನು ‘ಲೆಕ್ಕದ ಗರಿ’ ಎಂದಷ್ಟೇ ಗುರುತಿಸಿ ಬದಿಗಿಡುವುದು ಸಾಲದು. ಅದು ಗುಣಿಸುವ ಮಗ್ಗಿಯೋ ಕೂಡುವ ಮಗ್ಗಿಯೋ, ಯಾವ ಅಂಕದಿಂದ ಯಾವ ಅಂಕದವರೆಗೆ ನಡೆದಿದೆ, ಭಿನ್ನಗಳಿವೆಯೇ, ಲಿಪಿ ಯಾವ ಕಾಲದ್ದು, ಕೈ ನುರಿತ ಲಿಪಿಕಾರನದೋ ತಿದ್ದುತ್ತಿರುವ ಬಾಲಕನದೋ ಎಂಬುದನ್ನು ಸೂಚಿಯಲ್ಲಿ ದಾಖಲಿಸಬೇಕು.