ಟಿ ಕೋಶಕ್ಕೆ ಕಾಣದ ಸಕ್ಕರೆ

ಟೈಫಾಯ್ಡ್ ಶಾಲೆಗೆ ಹೋಗುವ ವಯಸ್ಸಿನವರ ಕಾಯಿಲೆ, ಪುಟ್ಟ ಮಕ್ಕಳಿಗೆ ಅಪರೂಪ ಎಂಬ ನಂಬಿಕೆ ವೈದ್ಯರಲ್ಲಿ ಬಹುಕಾಲ ಇತ್ತು. 1995–96ರಲ್ಲಿ ದಕ್ಷಿಣ ದೆಹಲಿಯ ಕಾಲ್ಕಾಜಿಯ ಕೊಳೆಗೇರಿಯಲ್ಲಿ ಸಂಶೋಧಕರು ವರ್ಷವಿಡೀ ಮನೆಮನೆಗೆ ಹೋಗಿ, ಜ್ವರ ಬಂದವರ ರಕ್ತ ಪರೀಕ್ಷಿಸಿದರು. 1999ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಲೆಕ್ಕ ಆ ನಂಬಿಕೆಯನ್ನು ಬುಡಮೇಲು ಮಾಡಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ವರ್ಷಕ್ಕೆ ಸಾವಿರಕ್ಕೆ 27 ಪ್ರಕರಣ. ಐದರಿಂದ ಹತ್ತೊಂಬತ್ತು ವರ್ಷದವರಲ್ಲಿ 12ಕ್ಕೂ ಕಡಿಮೆ.

ಆಗ ಬಳಕೆಯಲ್ಲಿದ್ದ ‘ವಿಐ’ ಲಸಿಕೆಯನ್ನು ಎರಡು ವರ್ಷ ತುಂಬದ ಕೂಸಿಗೆ ಕೊಡುವಂತಿರಲಿಲ್ಲ. ಅಡ್ಡಿ ಇದ್ದದ್ದು ಲಸಿಕೆಯ ಸಾಮಗ್ರಿಯಲ್ಲೇ. ವಿಐ ಎಂಬುದು ಟೈಫಾಯ್ಡ್ ಬ್ಯಾಕ್ಟೀರಿಯಾ ಹೊದ್ದಿರುವ ಸಕ್ಕರೆಯ ಕವಚ. 1934ರಲ್ಲಿ ಫೆಲಿಕ್ಸ್ ಮತ್ತು ಪಿಟ್ ಗುರುತಿಸಿದ್ದು. ಪ್ರತಿಕಾಯ ತಯಾರಿಸುವುದು ಬಿ ಕೋಶ. ಅದಕ್ಕೆ ಇನ್ನೊಂದು ಕೋಶದ ಒತ್ತಾಸೆ ಬೇಕೆಂದು 1966ರಲ್ಲಿ ಹೆನ್ರಿ ಕ್ಲಾಮನ್ ತಂಡ ಇಲಿಗಳಲ್ಲಿ ತೋರಿಸಿತು. ಇಂದು ಅದನ್ನು ಟಿ ಕೋಶ ಎನ್ನುತ್ತೇವೆ. ಅದು ಗುರುತಿಸುವುದು ಪ್ರೋಟೀನಿನ ತುಣುಕನ್ನು. ಬರೀ ಸಕ್ಕರೆ ಅದಕ್ಕೆ ಕಾಣದು. ದೊಡ್ಡವರ ಬಿ ಕೋಶ ಒಂಟಿಯಾಗಿ ಹೇಗೋ ನಿಭಾಯಿಸುತ್ತದೆ, ಆದರೆ ನೆನಪು ಉಳಿಯುವುದಿಲ್ಲ. ಕೂಸಿನಲ್ಲಿ ಅಷ್ಟೂ ಆಗುವುದಿಲ್ಲ.

ವಸಂತ್ ಕುಂಜ್‌ನ ನೆರೆಯಲ್ಲಿ, ಅರುಣಾ ಆಸಫ್ ಅಲಿ ಮಾರ್ಗದಲ್ಲಿರುವ ರಾಷ್ಟ್ರೀಯ ಪ್ರತಿರಕ್ಷಾ ವಿಜ್ಞಾನ ಸಂಸ್ಥೆಯ ಅಯೂಬ್ ಖಾದ್ರಿ ತಂಡ 2004ರಲ್ಲಿ ಈ ಸಕ್ಕರೆಯ ಇನ್ನೊಂದು ಚಾಳಿಯನ್ನು ಬಯಲು ಮಾಡಿತು: ಅದು ಕರುಳಿನ ಕೋಶಗಳಿಗೆ ಅಂಟಿಕೊಂಡು, ಮೊದಮೊದಲ ಉರಿಯೂತವನ್ನೇ ಅಡಗಿಸುತ್ತದೆ.

ಪರಿಹಾರದ ಬೀಜ ಹಳೆಯದು. ಸಕ್ಕರೆಗೆ ಪ್ರೋಟೀನ್ ಜೋಡಿಸಿದರೆ ಪ್ರತಿಕಾಯ ಹುಟ್ಟುತ್ತದೆಂದು ಏವರಿ ಮತ್ತು ಗೋಬೆಲ್ 1929ರಲ್ಲೇ ಕಂಡಿದ್ದರು. ಏಕೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಸಕ್ಕರೆಯನ್ನು ಹಿಡಿದ ಬಿ ಕೋಶ ಅದರ ಜೊತೆಗಿನ ಪ್ರೋಟೀನನ್ನೂ ನುಂಗಿ, ಅದರ ಚೂರನ್ನು ಮೈಮೇಲೆ ತೋರಿಸುತ್ತದೆ. ಅದನ್ನು ಗುರುತಿಸಿದ ಟಿ ಕೋಶ ನೆರವಿಗೆ ಬರುತ್ತದೆ. ಅಮೆರಿಕದಲ್ಲಿ ಜಾನ್ ರಾಬಿನ್ಸ್, ಶೌಸನ್ ಸ್ಜು ಮತ್ತು ಸಂಗಡಿಗರು 1980ರ ದಶಕದಲ್ಲಿ ವಿಐಗೂ ಹೀಗೆಯೇ ಪ್ರೋಟೀನ್ ಜೋಡಿಸಿದರು. 2001ರಲ್ಲಿ ವಿಯೆಟ್ನಾಂನ ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಅದು ಶೇ. 91.5ರಷ್ಟು ರಕ್ಷಣೆ ಕೊಟ್ಟಿತು.

ಹೈದರಾಬಾದಿನ ಭಾರತ್ ಬಯೋಟೆಕ್ ವಿಐಗೆ ಧನುರ್ವಾಯು ಟಾಕ್ಸಾಯ್ಡ್ ಜೋಡಿಸಿ ತಯಾರಿಸಿದ ಲಸಿಕೆಗೆ 2013ರಲ್ಲಿ ಭಾರತದಲ್ಲಿ ಪರವಾನಗಿ ಸಿಕ್ಕಿತು, ಆರು ತಿಂಗಳ ಕೂಸಿನಿಂದಲೇ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಲಸಿಕೆಯನ್ನು ಶಿಫಾರಸು ಮಾಡಿತು; ನವಿ ಮುಂಬೈ ಅದೇ ವರ್ಷ ಮಕ್ಕಳಿಗೆ ಹಾಕತೊಡಗಿತು. ಕಾಲ್ಕಾಜಿಯ ಲೆಕ್ಕ ಹೊರಬಿದ್ದು ಆಗ ಹತ್ತೊಂಬತ್ತು ವರ್ಷ.